ಅಳತೆ ಅಂಗಡಿಯಲ್ಲಿ, ಆರ್ಡರ್ ಮೊಬೈಲಿನಲ್ಲಿ

ನಮ್ಮ ಚಿಕ್ಕಮಗಳೂರಿನಲ್ಲಿ ಚಾರಣದ ಸಾಮಾನು ಮಾರುವ ಆ ಪುಟ್ಟ ಅಂಗಡಿಗೆ ಈ ವಾರ ಯಾರೋ ಗೂಗಲ್‌ನಲ್ಲಿ ಒಂದೇ ಒಂದು ಸ್ಟಾರ್ ಕೊಟ್ಟಿದ್ದಾರೆ. ಕಾರಣವನ್ನೂ ಬರೆದಿದ್ದಾರೆ: ಸಾಮಾನು ಒಳ್ಳೆಯದೇ, ಮಾಲೀಕರು ತಾಳ್ಮೆಯಿಂದ ವಿವರಿಸುತ್ತಾರೆ, ಆದರೆ ಇದೇ ಶೂ ಆನ್‌ಲೈನ್‌ನಲ್ಲಿ ಇನ್ನೂ ಕಡಿಮೆಗೆ ಸಿಗುತ್ತದೆ, ಆದ್ದರಿಂದ ಇಲ್ಲಿ ಹಾಕಿ ನೋಡಿಕೊಂಡು ಅಲ್ಲಿ ತರಿಸಿಕೊಳ್ಳಿ. ಇದನ್ನು ಓದಿ ಬಂದ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಒಬ್ಬ ಮನುಷ್ಯನ ತಿಳಿವಳಿಕೆಯನ್ನೂ ಸಮಯವನ್ನೂ ಬಿಟ್ಟಿಯಾಗಿ ಪಡೆದುಕೊಂಡು, ಅವನಿಗೇ ಒಂದು ಸ್ಟಾರ್ ಕೊಟ್ಟು, ಮೇಲಿಂದ ಊರಿಗೆಲ್ಲ ಹೀಗೇ ಮಾಡಿ ಎಂದು ಸಾರುವುದು ಯಾವ ನ್ಯಾಯ?

ನಾನು ಕಾಲೇಜಿನ ಹುಡುಗರನ್ನು ಗುಡ್ಡಕ್ಕೆ ಕರೆದುಕೊಂಡು ಹೋಗುವವನು ಎಂಬುದು ಇಲ್ಲಿರುವ ಹೆಚ್ಚಿನವರಿಗೆ ಗೊತ್ತು. ನಿಮ್ಮಲ್ಲಿ ಕೆಲವರು ನನ್ನ ಜೊತೆ ಗಿರಿ ಹತ್ತಿದವರು, ಎತ್ತಿನಭುಜ ಬೆಟ್ಟದ ಮಳೆಯಲ್ಲಿ ನೆನೆದವರು. ಆ ಅಂಗಡಿಯ ಪರಿಚಯ ನನಗೆ ಆಗಿದ್ದೂ ಹಾಗೆಯೇ. ಅಲ್ಲಿಂದ ನನಗೆ ಕಮಿಷನ್ ಬರುವುದಿಲ್ಲ, ಮಾಲೀಕರು ನನ್ನ ನೆಂಟರೂ ಅಲ್ಲ. ಅಂಗಡಿಯ ಹೆಸರನ್ನೂ ಇಲ್ಲಿ ಬರೆಯುವುದಿಲ್ಲ, ಏಕೆಂದರೆ ಈ ಬರಹ ಜಾಹೀರಾತಾಗುವುದು ನನಗೆ ಬೇಡ. ಹೋದ ಶನಿವಾರ ಅವರು ನನ್ನೊಡನೆ ಹೇಳಿದ್ದು ಇಷ್ಟು: "ಸರ್, ಇದೊಂದು ಮಳೆಗಾಲ ನೋಡ್ತೀನಿ. ವ್ಯಾಪಾರ ಹೀಗೇ ಇದ್ರೆ ಅಂಗಡಿ ಬಿಟ್ಟುಕೊಟ್ಟು ಅಡ್ವಾನ್ಸ್ ವಾಪಸ್ ತಗೊಂಡುಬಿಡ್ತೀನಿ." ಸಹಾಯಕ್ಕಿದ್ದ ಹುಡುಗನನ್ನು ಈಗಾಗಲೇ ಬಿಡಿಸಿದ್ದಾರೆ. ಬಾಡಿಗೆ ಮಾತ್ರ ಏರಿದೆ.

ಅದೇ ಶನಿವಾರ ನನ್ನ ಕಣ್ಣೆದುರೇ ನಡೆದದ್ದನ್ನು ಹೇಳಬೇಕು. ಕಾರಿನಲ್ಲಿ ಬಂದ ದಂಪತಿ, ಇಬ್ಬರೂ ಒಳ್ಳೆಯ ಕೆಲಸದಲ್ಲಿರುವವರಂತೆ ಕಾಣುತ್ತಿದ್ದರು. ಮುಂದಿನ ತಿಂಗಳು ಕುದುರೆಮುಖಕ್ಕೆ ಬುಕ್ ಮಾಡಿದ್ದೇವೆ, ಶೂ ಬೇಕು ಎಂದರು. ಮಾಲೀಕರು ಮೊದಲು ಇಬ್ಬರಿಗೂ ದಪ್ಪ ಕಾಲುಚೀಲ ಕೊಟ್ಟು, ಅದನ್ನು ಹಾಕಿಕೊಂಡೇ ಶೂ ನೋಡಿ ಎಂದರು. ಲೇಸ್ ಕಟ್ಟುವ ಮುನ್ನ ಪಾದವನ್ನು ಮುಂದಕ್ಕೆ ತಳ್ಳಿಸಿ, ಹಿಮ್ಮಡಿಯ ಹಿಂದೆ ಒಂದು ಬೆರಳು ಆಡುತ್ತದೆಯೇ ಎಂದು ತಾವೇ ಕೂತು ನೋಡಿದರು. ಅಂಗಡಿಯ ಮೂಲೆಯಲ್ಲಿ ಅವರು ಮಾಡಿಸಿಟ್ಟಿರುವ ಇಳಿಜಾರು ಹಲಗೆಯ ಮೇಲೆ ಇಬ್ಬರನ್ನೂ ಇಳಿಸಿದರು. ಹೆಂಗಸಿನ ಹೆಬ್ಬೆರಳು ಮುಂದಕ್ಕೆ ತಾಗಿತು. ಹತ್ತುವಾಗ ಗೊತ್ತಾಗದ ಈ ತೊಂದರೆ ಇಳಿಯುವಾಗ ಉಗುರನ್ನೇ ಕಪ್ಪಾಗಿಸುತ್ತದೆ ಎಂದು ವಿವರಿಸಿ, ಅರ್ಧ ಸೈಜು ದೊಡ್ಡದು ತಂದುಕೊಟ್ಟರು. ಅದು ಸರಿಹೋಯಿತು. ಇಂಬಳದ ವಿಷಯ ಬಂತು; ಒತ್ತಾಗಿ ನೇಯ್ದ ಬಟ್ಟೆಯ ಲೀಚ್ ಸಾಕ್ಸನ್ನು ಪ್ಯಾಂಟಿನ ಮೇಲೆ ಮೊಣಕಾಲಿನವರೆಗೂ ಎಳೆದು ಕಟ್ಟಬೇಕು, ಹೊಗೆಸೊಪ್ಪಿನ ನೀರು ಮಳೆಯಲ್ಲಿ ತೊಳೆದುಹೋಗುವುದರಿಂದ ಅದನ್ನೊಂದೇ ನಂಬಬಾರದು ಎಂದು ಹೇಳಿಕೊಟ್ಟರು. ಇದೆಲ್ಲ ಮುಗಿದ ಮೇಲೆ ಗಂಡ ಶೂವಿನ ನಾಲಿಗೆಯನ್ನು ಮಡಚಿ, ಒಳಗೆ ಹೊಲಿದಿದ್ದ, ಮಾದರಿ ಮತ್ತು ಸೈಜಿನ ಚೀಟಿಯ ಫೋಟೊ ತೆಗೆದುಕೊಂಡರು. "ಯೋಚನೆ ಮಾಡಿ ಬರ್ತೀವಿ ಅಣ್ಣ" ಎಂದು ಹೊರಟರು. ಮೆಟ್ಟಿಲ ಮೇಲೇ ನಿಂತು ಆರ್ಡರ್ ಹಾಕಿದ್ದು ನನಗೆ ಕೇಳಿಸಿತು, ಮಾಲೀಕರಿಗೂ ಕೇಳಿಸಿತು. ಅವರು ಏನೂ ಹೇಳದೆ ಶೂವಿನೊಳಗೆ ಕಾಗದದ ಉಂಡೆ ತುಂಬಿ, ಅಡಿಯನ್ನು ಬಟ್ಟೆಯಿಂದ ಒರೆಸಿ, ಡಬ್ಬಿಗೆ ಹಾಕಿಟ್ಟರು. ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು.

ಆ ಅರ್ಧ ಸೈಜಿನ ಲೆಕ್ಕವನ್ನೇ ನೋಡಿ. ಒಂದು ಮಾದರಿಯ ಶೂ ಇಡಬೇಕೆಂದರೆ ಗಂಡಸರ ಮತ್ತು ಹೆಂಗಸರ ಎಲ್ಲ ಸೈಜುಗಳನ್ನೂ ಇಡಬೇಕು. ನಡುವಿನ ಸೈಜುಗಳು ಬೇಗ ಖರ್ಚಾಗುತ್ತವೆ, ತೀರಾ ಚಿಕ್ಕವೂ ತೀರಾ ದೊಡ್ಡವೂ ಉಳಿಯುತ್ತವೆ. ಹಣ ಮೊದಲೇ ಕಟ್ಟಿ ತಂದ ಮಾಲು ಅದು. ನಮ್ಮ ಊರಿನ ತೇವಕ್ಕೆ ಒಂದು ಮಳೆಗಾಲ ಕಳೆಯುವುದರೊಳಗೆ ಚರ್ಮಕ್ಕೆ ಬೂಷ್ಟು ಹಿಡಿಯುತ್ತದೆ, ರೇನ್‌ಕೋಟಿನ ಒಳಗಿನ ಲೇಪ ಅಂಟಂಟಾಗಿ ಸಿಪ್ಪೆ ಏಳುತ್ತದೆ. ಹೀಗೆ ಉಳಿದದ್ದನ್ನು ಕೊನೆಗೆ ಅಸಲಿಗಿಂತ ಕಡಿಮೆಗೆ ಮಾರಬೇಕು. ದೊಡ್ಡ ಗೋದಾಮಿನಿಂದ ದೇಶಕ್ಕೆಲ್ಲ ಮಾರುವವರಿಗೆ ಉಳಿದ ಸೈಜಿಗೂ ಎಲ್ಲಾದರೊಂದು ಕಾಲು ಸಿಗುತ್ತದೆ; ಇವರಿಗೆ ಸಿಗಬೇಕಾದದ್ದು ಈ ಊರಿಗೆ ಬರುವವರ ಕಾಲೇ. ಹೆಂಗಸಿಗೆ ಹೊಂದಿದ ಆ ಅರ್ಧ ಸೈಜು ಕಪಾಟಿನಲ್ಲಿ ಇದ್ದುದರಿಂದಲೇ ಅವರ ಉಗುರು ಉಳಿಯಿತು. ಅದನ್ನು ಕಪಾಟಿನಲ್ಲಿ ಇಟ್ಟುಕೊಂಡ ಖರ್ಚು ಯಾರದು?

ಇದು ನಮ್ಮೂರಿನ ಸಣ್ಣ ಅಂಗಡಿಯ ಗೋಳು ಮಾತ್ರ ಎಂದುಕೊಳ್ಳಬೇಡಿ. ಚಾರಣದ ಸಾಮಾನು ಮಾರುವ ಅಮೆರಿಕದ ಆರ್‌ಇಐ ಎಂಬ ಸಂಸ್ಥೆಯ ಕಥೆಯನ್ನು ನಾನು ಬಹಳ ಕಾಲದಿಂದ ಗಮನಿಸುತ್ತಿದ್ದೇನೆ. 1938ರಲ್ಲಿ ಸಿಯಾಟಲ್‌ನಲ್ಲಿ ಲಾಯ್ಡ್ ಮತ್ತು ಮೇರಿ ಆಂಡರ್ಸನ್ ದಂಪತಿಯೂ ಸೇರಿ 23 ಮಂದಿ ಪರ್ವತಾರೋಹಿಗಳು, ಹಿಮದ ಬೆಟ್ಟ ಹತ್ತಲು ಬೇಕಾದ ಒಳ್ಳೆಯ ಹಿಮಗೊಡಲಿ (ಐಸ್ ಆಕ್ಸ್) ನ್ಯಾಯವಾದ ಬೆಲೆಗೆ ಸಿಗುತ್ತಿಲ್ಲವೆಂದು, ತಾವೇ ಒಂದು ಡಾಲರಿನಂತೆ ಹಾಕಿ ಕಟ್ಟಿದ ಸಹಕಾರ ಸಂಘ ಅದು. ನಮ್ಮ ಹಳ್ಳಿಗಳ ಹಾಲಿನ ಸೊಸೈಟಿಯಂತೆ ಅಲ್ಲಿಯೂ ಸದಸ್ಯರೇ ಒಡೆಯರು. ಒಮ್ಮೆ ಸದಸ್ಯತ್ವ ಪಡೆದರೆ ಜೀವನಪೂರ್ತಿ ಇರುತ್ತದೆ, ಖರೀದಿಯ ಮೇಲೆ ವರ್ಷಕ್ಕೊಮ್ಮೆ ಒಂದಿಷ್ಟು ಹಣ ಹಿಂದಿರುಗುತ್ತದೆ. ಇವತ್ತು ಸದಸ್ಯರ ಸಂಖ್ಯೆ ಎರಡು ಕೋಟಿಯನ್ನು ದಾಟಿದೆ. ಇಂಥ ಸಂಸ್ಥೆಗೆ 2022ರಲ್ಲಿ ಸುಮಾರು 16.5 ಕೋಟಿ ಡಾಲರ್ ನಷ್ಟವಾಯಿತು, 2023ರಲ್ಲಿ 31.1 ಕೋಟಿ, 2024ರಲ್ಲಿ ಸುಮಾರು 15.6 ಕೋಟಿ. 2025ರ ಜನವರಿಯಲ್ಲಿ ಜನರನ್ನು ಗುಡ್ಡಕ್ಕೆ ಕರೆದೊಯ್ಯುವ, ತರಗತಿ ನಡೆಸುವ ತನ್ನ ವಿಭಾಗವನ್ನೇ ಅದು ಮುಚ್ಚಿತು. 428 ಮಂದಿ ಕೆಲಸ ಕಳೆದುಕೊಂಡರು. ಗುಡ್ಡ ಹತ್ತುವವರು ಕಟ್ಟಿದ ಸಂಸ್ಥೆ ಗುಡ್ಡ ಹತ್ತಿಸುವ ಕೆಲಸವನ್ನೇ ಕೈಬಿಟ್ಟಿತು ಎಂಬುದನ್ನು ಓದಿದ ದಿನ ನನಗೆ ನಿಜವಾಗಿ ದುಃಖವಾಗಿತ್ತು.

ಆಡಳಿತದವರ ತಪ್ಪು ಅಲ್ಲಿ ಇಲ್ಲವೆಂದು ನಾನು ಹೇಳುವುದಿಲ್ಲ. ಕೊರೊನಾ ಕಾಲದಲ್ಲಿ ಎಲ್ಲರೂ ಬಯಲಿಗೆ ಹೊರಟಾಗ ಏರಿದ ವ್ಯಾಪಾರ ಆಮೇಲೆ ಇಳಿಯಿತು. ಆದರೆ ಗ್ರಾಹಕರ ಪಾಲಿನ ಒಂದು ಸಂಗತಿ ಇದೆ, ಅದನ್ನು ಯಾರೂ ಒತ್ತಿ ಹೇಳುವುದಿಲ್ಲ. ಆರ್‌ಇಐ ದಶಕಗಳ ಕಾಲ, ಕೊಂಡ ವಸ್ತು ತೃಪ್ತಿ ಕೊಡದಿದ್ದರೆ ಯಾವಾಗ ಬೇಕಾದರೂ ಹಿಂದಿರುಗಿಸಿ ಎಂಬ ನಿಯಮವನ್ನು ಪಾಲಿಸಿಕೊಂಡು ಬಂದಿತ್ತು. ಜನ ಏನು ಮಾಡಿದರು? ವರ್ಷಗಟ್ಟಲೆ ತುಳಿದು ಸವೆಸಿದ ಶೂ ತಂದು ಹಣ ವಾಪಸ್ ಕೇಳಿದರು. ಒಂದು ಪ್ರವಾಸಕ್ಕೆಂದು ಟೆಂಟ್ ಕೊಂಡು, ಮುಗಿಸಿ ಬಂದು ಹಿಂದಿರುಗಿಸಿದರು. ಕೊನೆಗೆ 2013ರಲ್ಲಿ ಸಂಸ್ಥೆ ಆ ಸೌಲಭ್ಯವನ್ನು ಒಂದು ವರ್ಷಕ್ಕೆ ಇಳಿಸಿತು. ಆಗ ಸಂಸ್ಥೆ ಮೊದಲಿನಂತಿಲ್ಲ ಎಂದು ಗ್ರಾಹಕರೇ ದೂರಿದರು. ತಮ್ಮದೇ ಸಂಘ, ತಮ್ಮದೇ ಹಣ. ಅದನ್ನು ಹೀಗೆ ಬಳಸಿದವರೂ ಗುಡ್ಡವನ್ನು ಪ್ರೀತಿಸುತ್ತೇವೆ ಎನ್ನುವವರೇ.

ಕೆನಡಾದಲ್ಲಿ ಆದದ್ದು ಇನ್ನೂ ಕಹಿ. ಅಲ್ಲಿ ಎಂಇಸಿ ಎಂಬ ಇಂಥದೇ ಸಹಕಾರ ಸಂಘ 1971ರಲ್ಲಿ ವ್ಯಾಂಕೂವರ್‌ನಲ್ಲಿ ಹುಟ್ಟಿತು. ಐದು ಡಾಲರ್ ಕೊಟ್ಟರೆ ಆಜೀವ ಸದಸ್ಯತ್ವ. ಹೀಗೆ ಸೇರಿದವರು 50 ಲಕ್ಷಕ್ಕೂ ಮಿಕ್ಕಿದ್ದರು. ಬರಬರುತ್ತಾ ಪರ್ವತದ ಹಗ್ಗ, ಕೊಕ್ಕೆಗಳ ಜೊತೆಗೆ ಪೇಟೆಯಲ್ಲಿ ತೊಡುವ ಬಟ್ಟೆ, ಯೋಗದ ಸಾಮಾನುಗಳೂ ಕಪಾಟು ತುಂಬಿದವು, ದೊಡ್ಡ ದೊಡ್ಡ ಮಳಿಗೆಗಳು ಎದ್ದವು, ಸಾಲವೂ ಬೆಳೆಯಿತು. 2020ರ ಸೆಪ್ಟೆಂಬರ್‌ನಲ್ಲಿ ನಿರ್ದೇಶಕ ಮಂಡಳಿಯು ಸದಸ್ಯರ ಮತವನ್ನೇ ಕೇಳದೆ ಸಂಸ್ಥೆಯನ್ನು ಲಾಸ್ ಏಂಜಲೀಸ್‌ನ ಒಂದು ಖಾಸಗಿ ಹೂಡಿಕೆ ಕಂಪನಿಗೆ ಮಾರಲು ಒಪ್ಪಿತು. ಒಂದು ಲಕ್ಷಕ್ಕೂ ಹೆಚ್ಚು ಜನ ಪ್ರತಿಭಟನೆಯ ಮನವಿಗೆ ಸಹಿ ಹಾಕಿದರು, ವಿಷಯ ನ್ಯಾಯಾಲಯಕ್ಕೂ ಹೋಯಿತು, ಆದರೂ ಮಾರಾಟ ನಿಲ್ಲಲಿಲ್ಲ. 2025ರಲ್ಲಿ ಅದು ಮತ್ತೆ ಕೆನಡಾದವರ ಕೈಗೆ ಬಂದಿದೆ, ಸಹಕಾರ ಸಂಘವಾಗಿ ಅಲ್ಲ. ಆ ಸಹಿಗಳಲ್ಲಿದ್ದ ನೋವನ್ನು ನಾನು ಅನುಮಾನಿಸುವುದಿಲ್ಲ. ಆದರೆ ಮಾರಾಟದ ಮಾತು ಕೇಳಿದ ಮೇಲೆ ಎದ್ದು ಬರುವ ಪ್ರೀತಿ, ಅಂಗಡಿ ಬಾಡಿಗೆಗೆ ಒದ್ದಾಡುತ್ತಿದ್ದಾಗ ಎಲ್ಲಿತ್ತು ಎಂದು ಕೇಳಬೇಕು ಅನ್ನಿಸುತ್ತದೆ. ನಮ್ಮ ಊರಿನ ಅಂಗಡಿಯ ಬಾಗಿಲು ಮುಚ್ಚಿದ ದಿನವೂ ಇದೇ ಫೇಸ್‌ಬುಕ್‌ನಲ್ಲಿ "ಅಯ್ಯೋ, ಎಂಥ ಒಳ್ಳೆಯ ಅಂಗಡಿ" ಎಂದು ಬರೆಯುವವರು ಬಹಳ ಮಂದಿ ಇರುತ್ತಾರೆ.

ಇದನ್ನೆಲ್ಲ ನಾನು ಸ್ಟಾಫ್ ರೂಮಿನಲ್ಲಿ ಹೇಳಿದಾಗ ಒಬ್ಬ ಸಹೋದ್ಯೋಗಿ, ಗ್ರಾಹಕನಿಗೆ ಕಡಿಮೆ ಬೆಲೆ ಸಿಕ್ಕಲ್ಲಿ ಕೊಳ್ಳುವ ಹಕ್ಕಿದೆ, ಕಾಲಕ್ಕೆ ತಕ್ಕಂತೆ ಬದಲಾಗದ ಅಂಗಡಿ ಮುಚ್ಚಿದರೆ ಅದು ವ್ಯಾಪಾರದ ನಿಯಮ ಎಂದರು. ಹಕ್ಕಿದೆ, ಯಾರು ಇಲ್ಲವೆಂದರು? ಮನೆಯಲ್ಲಿ ಕೂತು ನೋಡಿ, ಮನೆಯಲ್ಲಿ ಕೂತೇ ತರಿಸಿಕೊಳ್ಳುವವರ ಮೇಲೆ ನನಗೆ ಕಿಂಚಿತ್ತೂ ಕೋಪವಿಲ್ಲ. ಅಂಗಡಿಯ ಅರ್ಧ ದಿನವನ್ನು ತಿಂದು, ಆ ತಿಳಿವಳಿಕೆಯನ್ನು ಜೇಬಿಗಿಳಿಸಿಕೊಂಡು ಹೊರಗೆ ಹೋಗಿ ಇನ್ನೊಬ್ಬರಿಗೆ ಹಣ ಕೊಡುವುದು ಹಕ್ಕಿನ ಮಾತಲ್ಲ. ವಿದ್ಯಾರ್ಥಿಗಳ ಬಳಿ ದುಡ್ಡಿಲ್ಲ ಎನ್ನುವ ಮಾತೂ ಬಂತು. ನನ್ನ ಹುಡುಗರ ಕೈಯಲ್ಲಿ ದುಡ್ಡಿಲ್ಲ ಎಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವರಿಗೆ ಇದೇ ಮಾಲೀಕರು ಬ್ಯಾಗು, ಸ್ಲೀಪಿಂಗ್ ಬ್ಯಾಗುಗಳನ್ನು ದಿನಕ್ಕಿಷ್ಟು ಎಂದು ಬಾಡಿಗೆಗೆ ಕೊಡುತ್ತಾರೆ, ಹರಿದ ಜಿಪ್ಪನ್ನು ಕೂತು ರಿಪೇರಿ ಮಾಡಿಕೊಡುತ್ತಾರೆ. ಶೂವಿನ ನಾಲಿಗೆ ಮಡಚಿ ಫೋಟೊ ತೆಗೆದವರಲ್ಲಿ ನನ್ನ ಹುಡುಗರೊಬ್ಬರನ್ನೂ ನಾನು ನೋಡಿಲ್ಲ.

ತಿಳಿವಳಿಕೆ ಎಂದು ನಾನು ಸುಮ್ಮನೆ ಹೇಳುತ್ತಿಲ್ಲ. ಹೋದ ಮಳೆಗಾಲ ಬಲ್ಲಾಳರಾಯನ ದುರ್ಗದಿಂದ ಇಳಿಯುವಾಗ ತಂಡದ ಒಬ್ಬರ ಶೂವಿನ ಅಡಿ ಕಳಚಿಕೊಂಡಿತು. ಆನ್‌ಲೈನ್‌ನಲ್ಲಿ ಭಾರಿ ರಿಯಾಯಿತಿಗೆ ಸಿಕ್ಕ ಒಳ್ಳೆಯ ಕಂಪನಿಯ ಶೂ, ಅದಕ್ಕೆ ಮೊದಲು ಒಮ್ಮೆಯೂ ಹಾಕಿರಲಿಲ್ಲ. ಅಡಿಯ ಮೇಲಿನ ಮೆತ್ತನೆಯ ಪದರ ಬೆರಳಲ್ಲಿ ಹಿಡಿದರೆ ಹಳೆಯ ರಸ್ಕಿನಂತೆ ಉದುರುತ್ತಿತ್ತು. ಟೆಂಟಿನ ಹಗ್ಗ ಸುತ್ತಿ ಕಟ್ಟಿ, ಜಾರುವ ಹುಲ್ಲಿನ ಮೇಲೆ ಇಬ್ಬರು ಕೈಹಿಡಿದು ಅವರನ್ನು ಕೆಳಗಿಳಿಸಬೇಕಾಯಿತು. ಮರುದಿನ ಅಂಗಡಿಗೆ ಒಯ್ದು ತೋರಿಸಿದಾಗ ಮಾಲೀಕರು ಕಾರಣ ಹೇಳಿದರು: ಆ ಪದರ ಪಾಲಿಯುರಿಥೇನಿನದು, ಗಾಳಿಯ ತೇವಾಂಶಕ್ಕೇ ವರ್ಷಗಳು ಕಳೆದಂತೆ ಒಳಗೊಳಗೆ ಒಡೆಯುತ್ತದೆ, ಹಾಕದೆ ಡಬ್ಬಿಯಲ್ಲಿಟ್ಟರೂ ತಪ್ಪುವುದಿಲ್ಲ. ಅದಕ್ಕೇ ಅವರು ಶೂ ತರಿಸುವಾಗ ತಯಾರಾದ ತಿಂಗಳು ನೋಡಿ ತರಿಸುತ್ತಾರೆ, ಹಳೆಯದಾದರೆ ಹಿಂದಕ್ಕೆ ಕಳಿಸುತ್ತಾರೆ. ಆ ಶೂ ಅವರಲ್ಲಿ ಕೊಂಡದ್ದಲ್ಲ, ಆದರೂ ಹೇಳಿಕೊಟ್ಟರು. ಅಂಗಡಿಯ ಬೆಲೆಗೂ ಮೊಬೈಲಿನ ಬೆಲೆಗೂ ಇರುವ ಅಂತರದಲ್ಲಿ ಇದೂ ಸೇರಿದೆ.

ಅಮೆರಿಕದಿಂದ ಒಂದು ಒಳ್ಳೆಯ ಸುದ್ದಿಯೂ ಬಂದಿದೆ, ಅದನ್ನು ಬರೆಯದಿದ್ದರೆ ಅನ್ಯಾಯವಾದೀತು. 2022ರಲ್ಲಿ ಆರ್‌ಇಐನ ನ್ಯೂಯಾರ್ಕ್ ಮಳಿಗೆಯ ನೌಕರರು ಕಾರ್ಮಿಕ ಸಂಘ ಕಟ್ಟಿಕೊಂಡರು, ಬೇರೆ ಕೆಲವು ಮಳಿಗೆಗಳವರೂ ಅವರನ್ನು ಹಿಂಬಾಲಿಸಿದರು. 2025ರಲ್ಲಿ ನಿರ್ದೇಶಕ ಮಂಡಳಿಗೆ ಸಂಸ್ಥೆಯೇ ಸೂಚಿಸಿದ್ದ ಅಭ್ಯರ್ಥಿಗಳನ್ನು, ನೌಕರರ ಕರೆಗೆ ಓಗೊಟ್ಟು, ಸದಸ್ಯರು ಮತ ಹಾಕಿ ತಿರಸ್ಕರಿಸಿದರು. ಕೌಂಟರಿನ ಆಚೆ ನಿಂತು ಶೂ ತೊಡಿಸುವವರ ಪರವಾಗಿ ಗ್ರಾಹಕರು ಮತ ಹಾಕಿದರು ಎಂಬುದು ನನಗೆ ಸಂತೋಷ ಕೊಟ್ಟಿತು. ಗ್ರಾಹಕ ಅಂದರೆ ಹೀಗೂ ಇರಬಹುದಲ್ಲವೇ!

ಸೋಮವಾರ ಕಾಲೇಜು ಮುಗಿಸಿ ಅಂಗಡಿಗೆ ಹೋಗಿದ್ದೆ. ಶೂ ಅಳತೆ ನೋಡಿ ಹೊಂದಿಸಿಕೊಡುವುದಕ್ಕೆ ಇನ್ನೂರು ರೂಪಾಯಿ ತೆಗೆದುಕೊಳ್ಳಿ, ಅಲ್ಲೇ ಕೊಂಡರೆ ಬಿಲ್ಲಿನಲ್ಲಿ ಕಳೆಯಿರಿ ಎಂದು ಹೇಳಿದೆ. ಬೈಕಿನ ಮೆಕ್ಯಾನಿಕ್ ನೋಡಿದ್ದಕ್ಕೂ ತೆಗೆದುಕೊಳ್ಳುತ್ತಾನೆ, ಕಣ್ಣಿನ ಡಾಕ್ಟರೂ ತೆಗೆದುಕೊಳ್ಳುತ್ತಾರೆ, ನೀವೇಕೆ ನಾಚಬೇಕು ಎಂದೆ. ಅವರು ಒಪ್ಪಲಿಲ್ಲ. "ಬಾಗಿಲಿಗೆ ಬಂದವರ ಹತ್ರ ನೋಡೋಕೂ ದುಡ್ಡು ಕೇಳೋದು ಹೇಗೆ ಸರ್, ಆಮೇಲೆ ಒಂದು ಸ್ಟಾರೂ ಸಿಗಲ್ಲ" ಎಂದರು. ಬಹಳ ಹೊತ್ತು ವಾದ ಮಾಡಿದ ಮೇಲೆ, ಮಳೆಗಾಲ ಮುಗಿಯುವವರೆಗೆ ಶನಿವಾರ, ಭಾನುವಾರ ಮಾತ್ರ ಹಾಗೆ ಮಾಡಿ ನೋಡಲು ಒಪ್ಪಿದ್ದಾರೆ. ಬೋರ್ಡನ್ನು ನಾನೇ ಕನ್ನಡದಲ್ಲಿ ಬರೆದುಕೊಟ್ಟಿದ್ದೇನೆ. ನನ್ನ ಜೊತೆ ಬರುವ ತಂಡದವರು ಆ ಹಣ ಕೊಟ್ಟೇ ಅಳತೆ ನೋಡಿಸಿಕೊಳ್ಳಬೇಕು. ಒಂದು ಸ್ಟಾರ್ ಕೊಟ್ಟವರು ಈ ಬರಹ ಓದಿದರೆ, ಅವರಿಗೂ ಬಾಗಿಲು ತೆರೆದೇ ಇದೆ. ಬೆಳಿಗ್ಗೆ ಹತ್ತರಿಂದ ರಾತ್ರಿ ಎಂಟರವರೆಗೆ, ಮಂಗಳವಾರ ರಜ.