ಹತ್ತು ಪರ್ಸೆಂಟ್ ಕಾಡು

ಇಷ್ಟು ವರ್ಷ ಬೆಳಿಗ್ಗೆ ಆಸ್ರಿಗೆ ಮುಗಿಸಿ "ತೋಟಕ್ಕೆ ಹೋಗಿ ಬರ್ತೆ" ಅಂತ ಮನೆಯವಳಿಗೆ ಹೇಳಿ ಹೊರಡುತ್ತಿದ್ದೆ. ಅದು ಸುಳ್ಳಂತೆ. ನಾನು ಹೋಗುತ್ತಿದ್ದುದು ಕಾಡಿಗೆ.

ನಮ್ಮದು ಎರಡೂವರೆ ಎಕರೆ ಅಡಕೆ. ನಡುವೆ ಬಾಳೆ, ಒಂದಿಷ್ಟು ಏಲಕ್ಕಿ, ಮರಕ್ಕೆ ಹಬ್ಬಿಸಿದ ಕಾಳುಮೆಣಸು. ಡೆಹ್ರಾಡೂನಿನಲ್ಲಿ ಭಾರತೀಯ ಅರಣ್ಯ ಸಮೀಕ್ಷೆ ಅಂತ ಒಂದು ಸಂಸ್ಥೆ ಇದೆ. ದೇಶದಲ್ಲಿ ಕಾಡು ಎಷ್ಟಿದೆ ಅಂತ ಉಪಗ್ರಹದ ಚಿತ್ರ ನೋಡಿ ಎರಡು ವರ್ಷಕ್ಕೊಮ್ಮೆ ವರದಿ ಕೊಡುವುದು ಅವರ ಕೆಲಸ. ಅವರ ಲೆಕ್ಕದಲ್ಲಿ ಒಂದು ಹೆಕ್ಟೇರ್‌ಗಿಂತ ಜಾಸ್ತಿ ಜಾಗ ಇದ್ದು, ಅದರ ನೂರರಲ್ಲಿ 10 ಪಾಲಿಗಿಂತ ಜಾಸ್ತಿ ನೆಲಕ್ಕೆ ಮರದ ನೆರಳು ಬಿದ್ದರೆ ಅದು ಕಾಡು. ಜಾಗ ಯಾರದ್ದೇ ಆಗಿರಲಿ, ಪಹಣಿಯಲ್ಲಿ ಏನೇ ಬರೆದಿರಲಿ. ಹಣ್ಣಿನ ತೋಟ, ಬಿದಿರು, ತಾಳೆ ಜಾತಿಯ ಮರ ಎಲ್ಲವೂ ಸೇರುತ್ತದೆ. ತೆಂಗು, ಅಡಕೆ ಎರಡೂ ತಾಳೆಯ ನೆಂಟರೇ. ಒಂದು ಹೆಕ್ಟೇರ್ ಅಂದರೆ ಸುಮಾರು 2.47 ಎಕರೆ. ಅಂದರೆ ನಾವು ಕೂದಲೆಳೆ ಅಂತರದಲ್ಲಿ ಪಾಸು. ತಮ್ಮನ ಪಾಲಿಗೆ ಎರಡೇ ಎಕರೆ ಬಂದಿತ್ತು, ಪಾಪ, ಅವನು ಫೇಲಾಗಬೇಕಿತ್ತು. ಆದರೆ ಹಿಸ್ಸೆ ಆಗಿರುವುದು ಉಪಗ್ರಹಕ್ಕೆ ಗೊತ್ತಿಲ್ಲವಲ್ಲ. ಹದಿನೈದು ವರ್ಷದಿಂದ ಮಾತು ಬಿಟ್ಟಿರುವ ಅಣ್ಣತಮ್ಮಂದಿರನ್ನು ಮೇಲಿನಿಂದ ಒಂದೇ ಹಸಿರು ಬಣ್ಣದಲ್ಲಿ ಸೇರಿಸಿಬಿಟ್ಟಿದೆ.

ಹತ್ತು ಪರ್ಸೆಂಟ್ ಅಂದ ಕೂಡಲೇ ನಮ್ಮ ರಾಜ್ಯದಲ್ಲಿ ಜನ ಗುತ್ತಿಗೆದಾರರ ಮುಖ ನೋಡುತ್ತಾರೆ. ಅದು ಬೇರೆ ವಿಷಯ. ನಮ್ಮ ಕಾಲದಲ್ಲಿ ಎಸ್ಸೆಸ್ಸೆಲ್ಸಿ ದಾಟೋಕೇ 35 ಬೇಕಿತ್ತು. ಕಾಡಿಗೆ 10 ಸಾಕು. 40 ಮುಟ್ಟಿದರೆ ಮಧ್ಯಮ ದಟ್ಟ, 70 ದಾಟಿದರೆ ಅತಿ ದಟ್ಟ. ಉಪಗ್ರಹದ ಕಣ್ಣಿಗೆ ಕಾಣುವ ಚಿಕ್ಕ ಚೌಕ ಸುಮಾರು 23.5 ಮೀಟರ್ ಅಗಲ. ಅದಕ್ಕೆ ಕಾಣುವುದು ಬರೀ ತಲೆ. ತಲೆಯ ಕೆಳಗೆ ಹೊನ್ನೆ ಇದೆಯೋ, ಮತ್ತಿ ಇದೆಯೋ, ನಮ್ಮ ಗೊಬ್ಬರದ ಗುಂಡಿ ಇದೆಯೋ ಅದಕ್ಕೇನು ಗೊತ್ತು?

ಮರದ ಬಗ್ಗೆ ನಿಜವಾಗಿ ತಲೆ ಕೆಡಿಸಿಕೊಳ್ಳುವವರು ನೆಲದ ಮೇಲೆ ನಿಲ್ಲುತ್ತಾರೆ. ಎದೆಯ ಮಟ್ಟದಲ್ಲಿ, ಅಂದರೆ 1.37 ಮೀಟರ್ ಎತ್ತರದಲ್ಲಿ ಟೇಪು ಸುತ್ತಿ ಸುತ್ತಳತೆ ಬರೆದುಕೊಳ್ಳುತ್ತಾರೆ. ತೇಗ ಆದರೆ ಉಂಗುರ ಎಣಿಸುತ್ತಾರೆ, ಒಳಗೆ ಕೆಚ್ಚು ಎಷ್ಟು ಕೂತಿದೆ ಅಂತ ನೋಡುತ್ತಾರೆ. ಅಂಥವರನ್ನು ಕರೆದು ನಮ್ಮ "ಕಾಡಿನ" ಅಡಕೆ ಮರದ ಉಂಗುರ ಎಣಿಸಿ ಅಂದರೆ ನಕ್ಕಾರು. ಅಡಕೆಗೆ ಉಂಗುರವೇ ಇಲ್ಲ. ತೇಗದ ಹಾಗೆ ವರ್ಷ ವರ್ಷ ದಪ್ಪ ಆಗುವ ಜಾತಿಯೇ ಅಲ್ಲ ಅದು. ದಬ್ಬೆ ಸೀಳಿ ಚಪ್ಪರ ಹಾಕಬಹುದು, ಬಾಗಿಲಿಗೆ ದಾರಂದ ಮಾಡಿ ಅಂದರೆ ಆಚಾರಿ ಬೈದು ಕಳಿಸುತ್ತಾನೆ.

ಇದರ ಮಜಾ ಇರುವುದು ಒತ್ತುವರಿಯಲ್ಲಿ. ಒಬ್ಬ ಮನುಷ್ಯ ಬೀಟೆ, ನಂದಿ, ಹೆಬ್ಬಲಸು ಎಲ್ಲ ಕಡಿದು ಗುಡ್ಡ ಬೋಳು ಮಾಡಿ ಅಡಕೆ ಸಸಿ ನೆಟ್ಟ ಅನ್ನಿ. ಕಾಡು ಹಾಳು ಮಾಡಿದೆ ಅಂತ ಅವನಿಗೆ ನೋಟಿಸ್ ಬರುತ್ತದೆ. ಅವನು ಕೋರ್ಟಿಗೆ ಹೋಗುತ್ತಾನೆ, ಕೇಸು ಎಂಟು ಹತ್ತು ವರ್ಷ ನಡೆಯುತ್ತದೆ, ಅಷ್ಟರಲ್ಲಿ ಅಡಕೆ ಬೆಳೆದು ತಲೆ ಕೂಡಿಕೊಳ್ಳುತ್ತದೆ, ಮೇಲಿನಿಂದ ಫೋಟೋ ತೆಗೆದರೆ ಅಲ್ಲಿ ಮೊದಲಿದ್ದಷ್ಟೇ ಹಸಿರು. ಕೆಳಗೆ ಆರೋಪಿ, ಮೇಲೆ ಅರಣ್ಯ ರಕ್ಷಕ. ಒಂದೇ ಮನುಷ್ಯ, ಒಂದೇ ಗುಡ್ಡ.

ಕಾನೂನಾದರೂ ನೆಟ್ಟಗಿದೆಯಾ ಅಂತ ನೋಡಿದೆ. 1927ರ ಭಾರತೀಯ ಅರಣ್ಯ ಕಾಯ್ದೆಯ ಪ್ರಕಾರ ಮರ ಅಂದರೆ ಅದರಲ್ಲಿ ಕಡಿದು ಉಳಿದ ಬೊಡ್ಡೆಯೂ ಸೇರುತ್ತದೆ. ಸತ್ತ ಮೇಲೂ ಪಟ್ಟಿಯಲ್ಲಿ ಹೆಸರು ಉಳಿಸಿಕೊಳ್ಳುವುದನ್ನು ಮರಗಳು ನಮ್ಮ ವೋಟರ್ ಲಿಸ್ಟ್ ನೋಡಿ ಕಲಿತವೋ ಏನೋ. ಬಿದಿರೂ ಆಗ ಮರವೇ ಆಗಿತ್ತು. ಅದು ಹುಲ್ಲಿನ ಜಾತಿ ಅಂತ ಶಾಲೆಯಲ್ಲಿ ಓದಿದ್ದು ನಮಗೆಲ್ಲ ನೆನಪಿದೆ, ಕಾಯ್ದೆಗೆ ನೆನಪಾಗಿದ್ದು 2017ರಲ್ಲಿ. ಈಗ ಬಿದಿರು ಮರ ಅಲ್ಲ. ಆದರೆ ಬಿದಿರು ಮೆಳೆ ಡೆಹ್ರಾಡೂನಿನ ಲೆಕ್ಕದಲ್ಲಿ ಕಾಡು. ಮರ ಇಲ್ಲದ ಕಾಡು!

ಹಾಗಾದರೆ ಕಾಡು ಅಂದರೆ ಯಾವುದು? 1996ರಲ್ಲಿ ಸುಪ್ರೀಂ ಕೋರ್ಟ್, ಡಿಕ್ಷನರಿಯಲ್ಲಿ ಇರುವ ಅರ್ಥ ಹಿಡಿಯಿರಿ ಅಂದಿತು. ಪಾಪ, ಕಾಡು ಉಳಿಸೋಕೆ ಹೇಳಿದ ಮಾತು ಅದು. ಆ ಅರ್ಥದ ಬೆನ್ನು ಹತ್ತಿ ನಮ್ಮ ರಾಜ್ಯದಲ್ಲಿ 9.94 ಲಕ್ಷ ಹೆಕ್ಟೇರ್ ಡೀಮ್ಡ್ ಅರಣ್ಯ, ಅಂದರೆ ದಾಖಲೆಯಲ್ಲಿ ಕಾಡು ಅಲ್ಲದಿದ್ದರೂ ಕಾಡು ಅಂತಲೇ ಪರಿಗಣಿಸುವ ಜಾಗ, ಅಂತ ಪಟ್ಟಿ ಆಯಿತು. 2022ಕ್ಕೆ ಅದನ್ನು 3.30 ಲಕ್ಷಕ್ಕೆ ಇಳಿಸಿದರು. ಒಂದು ಕೊಡಲಿ ಏಟು ಬೀಳದೆ ಆರು ಲಕ್ಷ ಹೆಕ್ಟೇರ್‌ಗಿಂತ ಜಾಸ್ತಿ ಕಾಡು ಮಾಯ. ಫೈಲಿನ ಕಾಡು ಕಡಿಯೋಕೆ ಪೆನ್ನು ಸಾಕು ಅಲ್ವಾ.

1988ರ ಅರಣ್ಯ ನೀತಿಯಲ್ಲಿ ದೇಶದ ಮೂರನೇ ಒಂದು ಭಾಗ ಹಸಿರಾಗಿರಬೇಕು ಅಂತಿದೆ. ಡೆಹ್ರಾಡೂನಿನವರ 2023ರ ವರದಿ 2024ರ ಡಿಸೆಂಬರಿನಲ್ಲಿ ಬಂತು. ಮರ ನಿಧಾನಕ್ಕೆ ಬೆಳೆಯುತ್ತದೆ, ವರದಿಯೂ ಹಾಗೇ. ಕಾಡು 21.76, ಅದಕ್ಕೆ ಸೇರದ ಚಿಲ್ಲರೆ ಮರಗಳು 3.41, ಒಟ್ಟು 25.17 ಪರ್ಸೆಂಟ್. ಇನ್ನು ಎಂಟು ಪರ್ಸೆಂಟ್ ಬಾಕಿ. ಹಿತ್ತಲಿನ ಕರಿಬೇವು, ತುಳಸಿಕಟ್ಟೆ ಇನ್ನೂ ಲೆಕ್ಕಕ್ಕೆ ಬಂದಿಲ್ಲ ಅನ್ನುವುದೊಂದು ಸಮಾಧಾನ.

ನನ್ನ ಚಿಂತೆ ಈಗ ಎಲೆಚುಕ್ಕಿ ರೋಗದ್ದು. ಸೋಗೆ ಒಣಗುತ್ತಾ ಬಂದಿದೆ. ಹೀಗೇ ಬಿಟ್ಟರೆ ಮುಂದಿನ ವರದಿಯಲ್ಲಿ ನಮ್ಮ ಕಾಡು ಒಂದು ದರ್ಜೆ ಕೆಳಗೆ ಬೀಳುತ್ತದೆ. ದೇಶದ ಮಾನದ ಪ್ರಶ್ನೆ ಅಂತ ಮೊನ್ನೆ ಅಡಕೆ ಮರ ಹತ್ತುವ ಕೊನೆಗಾರನನ್ನು ಹಿಡಿದು, ಇದು ಬರೀ ತೋಟ ಅಲ್ಲ ಮಾರಾಯ, ಸರ್ಕಾರದ ಲೆಕ್ಕದಲ್ಲಿ ಕಾಡು, ಬೇಗ ಬಂದು ಔಷಧಿ ಹೊಡಿ ಅಂದೆ. ಅವನು ಬಾಯಲ್ಲಿದ್ದ ಕವಳ ಉಗಿದು, ಮರದ ತುದಿ ನೋಡಿ, ಸ್ವಲ್ಪ ಯೋಚನೆ ಮಾಡಿ ಹೇಳಿದ:

"ಹೆಗಡೇರೆ, ಕಾಡಿನ ಮರ ಹತ್ತೂದಾದ್ರೆ ಕೂಲಿ ಬೇರೆ ಆಗ್ತದೆ."