ಪುಸ್ತಕಕ್ಕೊಂದು ತೊಟ್ಟೆ

ಮುಂಬಯಿಯ ಮಾಟುಂಗಾ ಕಡೆಯ ಒಂದು ಗ್ರಂಥಾಲಯ. ಹೆಸರು ಹೇಳುವುದಿಲ್ಲ, ಮುಂದಿನ ವಾರವೂ ನನಗೆ ಪುಸ್ತಕ ಬೇಕು. ಅಲ್ಲಿ ಕೊರೊನಾ ಕಾಲದಲ್ಲಿ ಶುರುವಾದ ಗೇಟ್ ಪಿಕಪ್ ಇನ್ನೂ ಇದೆ. ಬೆಳಿಗ್ಗೆ ಫೋನ್ ಮಾಡಿ ಪುಸ್ತಕದ ಹೆಸರು ಹೇಳಿದರೆ ಸಂಜೆ ಗೇಟಿನಲ್ಲೇ ಕೈಗೆ ಸಿಗುತ್ತದೆ, ಮೂರು ಮಹಡಿ ಹತ್ತಬೇಕಿಲ್ಲ. ಮಂಡಿನೋವಿನವರ ಪುಣ್ಯ.

ಆದರೆ ಪುಸ್ತಕ ಬರುವುದು ಪ್ಲಾಸ್ಟಿಕ್ ಚೀಲದಲ್ಲಿ. ನಮ್ಮ ದಕ್ಷಿಣ ಕನ್ನಡದ ಬಾಯಲ್ಲಿ ತೊಟ್ಟೆ, ಇಲ್ಲಿನ ಮರಾಠಿಯಲ್ಲಿ ಪಿಶವಿ. ಒಂದು ಪುಸ್ತಕಕ್ಕೆ ಒಂದು ತೊಟ್ಟೆ. ಮೂರು ಪುಸ್ತಕ ತಗೊಂಡರೆ ಮೂರು ತೊಟ್ಟೆ, ಆ ಮೂರನ್ನೂ ತುಂಬಿಸಲು ಇನ್ನೊಂದು ದೊಡ್ಡದು.

ಮಹಾರಾಷ್ಟ್ರದಲ್ಲಿ 2018ರ ಜೂನ್ 23ರಿಂದ ಪ್ಲಾಸ್ಟಿಕ್ ಕೈಚೀಲಕ್ಕೆ ನಿಷೇಧ ಇದೆ, ಮೊದಲ ಸಲ ಸಿಕ್ಕಿಬಿದ್ದರೆ 5,000 ರೂಪಾಯಿ ದಂಡ. ನಮ್ಮ ತರಕಾರಿಯವಳು ಆವತ್ತಿನಿಂದ ತೊಟ್ಟೆಗಳನ್ನು ಬುಟ್ಟಿಯ ಕೆಳಗೆ ಗೋಣಿಯಡಿ ಅಡಗಿಸಿಟ್ಟು, ಆ ಕಡೆ ಈ ಕಡೆ ನೋಡಿ, ಕಳ್ಳಸಾರಾಯಿ ಮಾರುವವಳ ಹಾಗೆ ಕೊತ್ತಂಬರಿ ಕೊಡುತ್ತಾಳೆ. ಗ್ರಂಥಾಲಯಕ್ಕೆ ಆ ಭಯವೂ ಇಲ್ಲ. ಪುಸ್ತಕ ಇಟ್ಟುಕೊಂಡವರನ್ನು ಯಾರು ಹಿಡಿಯುತ್ತಾರೆ ಹೇಳಿ.

ಕೊರೊನಾ ಹೊತ್ತಿನಲ್ಲಿ ಇವರು ಕೊಟ್ಟ ಕಾರಣ ಸೋಂಕು. ತಮಾಷೆ ಏನೆಂದರೆ 2020ರ ಪ್ರಯೋಗದಲ್ಲಿ ಆ ವೈರಸ್ ರಟ್ಟಿನ ಮೇಲೆ 24 ಗಂಟೆವರೆಗೆ, ಪ್ಲಾಸ್ಟಿಕ್ ಮೇಲೆ 72 ಗಂಟೆವರೆಗೆ ಉಳಿದಿತ್ತು. ಅಂದರೆ ವೈರಸ್ಸಿಗೆ ಗುಡಿಸಲು ಬೇಡ ಅಂತ ಬಂಗಲೆ ಕಟ್ಟಿಕೊಟ್ಟ ಹಾಗಾಯಿತು. ಈಗಿನ ಕಾರಣ ಮಳೆ. ಬೇಸಿಗೆಯಲ್ಲೂ ಮಳೆಯೇ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಂದಾಗ ಸೊಂಟದವರೆಗಿನ ನೀರಲ್ಲಿ ಮನೆಗೆ ನಡೆದವನು ನಾನು. ಆವತ್ತು ಊರಿನ ಗಟಾರಗಳ ಬಾಯಿ ಮುಚ್ಚಿದ್ದರಲ್ಲಿ ಇದೇ ತೊಟ್ಟೆಗಳ ಪಾಲೂ ಇತ್ತು. ಮಳೆಗೆ ಹೆದರಿ ತೊಟ್ಟೆ ಹಂಚುವವರಿಗೆ ಅದು ಮರೆತುಹೋಗಿದೆ.

ಮೊನ್ನೆ ಗೇಟಿನ ಹುಡುಗನಿಗೆ ಹೇಳಿದೆ, "ತೊಟ್ಟೆ ಬೇಡ ಮಾರಾಯ, ಚೀಲ ತಂದಿದ್ದೇನೆ."

"ಅದು ಆಗುದಿಲ್ಲ ಅಂಕಲ್. ನಿಮ್ಮ ನಂಬರಿನ ಚೀಟಿ ಎಲ್ಲಿಗೆ ಪಿನ್ ಹೊಡೆಯುದು?"

ಇಲ್ಲಿದೆ ನೋಡಿ ಗುಟ್ಟು. ಕಪಾಟಿನಲ್ಲಿ ಜೋಡಿಸಿಡುವುದು ಪುಸ್ತಕಗಳನ್ನಲ್ಲ, ತೊಟ್ಟೆಗಳನ್ನು. ತೊಟ್ಟೆ ಇಲ್ಲದಿದ್ದರೆ ಪುಸ್ತಕಕ್ಕೆ ದಿಕ್ಕೇ ಇಲ್ಲ. ಚೀಟಿಯನ್ನು ಪುಸ್ತಕದೊಳಗೇ ಸಿಕ್ಕಿಸಬಹುದಲ್ವಾ? ಒಂದು ರಬ್ಬರ್ ಬ್ಯಾಂಡ್ ಹಾಕಬಹುದಲ್ವಾ? ಹಿಂದಿನ ರಟ್ಟಿಗೆ ಕಾರ್ಡು ಇಡಲೆಂದೇ ಅಂಟಿಸಿದ ಕಾಗದದ ಜೇಬು ಹಳೇ ಪುಸ್ತಕಗಳಲ್ಲಿ ಇನ್ನೂ ಹಾಗೇ ಇದೆ, ಬಾಯಿ ಬಿಟ್ಟುಕೊಂಡು. ಹುಡುಗ ತಲೆ ಕೆರೆದುಕೊಂಡ. "ಕಮಿಟಿಯವರನ್ನು ಕೇಳ್ಬೇಕು."

ಮನೆಯಲ್ಲಿ ಅಡುಗೆಮನೆಯ ಬಾಗಿಲ ಹಿಂದೆ ತೊಟ್ಟೆಗಳದ್ದೇ ಒಂದು ಗುಡ್ಡೆ ಆಗಿತ್ತು. ಎಲ್ಲ ಮಡಚಿ ವಾಪಸ್ ಒಯ್ದೆ. ತಗೊಳ್ಳಲಿಲ್ಲ. ಪಿನ್ ಕಿತ್ತ ಜಾಗ ಹರಿದಿದೆಯಂತೆ.

ಕಮಿಟಿ ಸುಮ್ನೆ ಕೂತಿಲ್ಲ ಮತ್ತೆ. ವಾರ್ಷಿಕೋತ್ಸವಕ್ಕೆ ಸದಸ್ಯರಿಗೆಲ್ಲ 'ಪ್ಲಾಸ್ಟಿಕ್ ಬಿಡಿ' ಎಂದು ಅಚ್ಚು ಹಾಕಿಸಿದ ಹಸಿರು ಚೀಲ ಹಂಚಿದರು. ಬಟ್ಟೆಯ ಹಾಗೆ ಕಾಣುವ ನಾನ್‌ವೋವನ್ ಚೀಲ. ಅದು ಪಾಲಿಪ್ರೊಪಿಲೀನ್, ಅಂದರೆ ಪ್ಲಾಸ್ಟಿಕ್ಕೇ. 2018ರ ನಿಷೇಧದ ಪಟ್ಟಿಯಲ್ಲಿ ಅದೂ ಇತ್ತು. ಸೊಸೆ ಅದಕ್ಕೆ ಬಟಾಟೆ ತುಂಬಿಸಿದ್ದಾಳೆ.

ಕೊನೆಗೆ ಅರ್ಜಿ ಕೊಟ್ಟೆ. ಎರಡು ತಿಂಗಳಾಯಿತು. ನಿನ್ನೆ ಗೇಟಿಗೆ ಹೋದಾಗ ಹುಡುಗ ನಗುತ್ತಾ ಬಂದ. "ಅಂಕಲ್, ನಿಮ್ಮದು ಪಾಸಾಯ್ತು." ಕೈಗೆ ಪುಸ್ತಕ ಕೊಟ್ಟ, ತೊಟ್ಟೆಯಲ್ಲಿ. ಮೇಲೆ ಪಿನ್ ಹೊಡೆದ ಹೊಸ ಚೀಟಿ, ಕಂಪ್ಯೂಟರಿನಲ್ಲಿ ಟೈಪ್ ಮಾಡಿದ್ದು: 'ಈ ಸದಸ್ಯರಿಗೆ ಪ್ಲಾಸ್ಟಿಕ್ ಚೀಲ ಕೊಡಬಾರದು.'