ಫಾರಿನ್‌ಗೆ ಹೋಗಿ ಬಂದ ಪಣಪುಳಿ

ಗೋಣಿಕೊಪ್ಪದ ಭಾನುವಾರದ ಸಂತೆಗೆ ನಾನು ಹೋದದ್ದು ಒಣಮೀನು ತರಲಿಕ್ಕೆ. ವಾಪಸ್ ಬಂದದ್ದು 71 ವರ್ಷದ ಮುದುಕನಾಗಿ.

ಸಂತೆಯ ದಾರಿಯಲ್ಲಿ ಒಂದು ದೊಡ್ಡ ಕೊಡೆ, ಕೊಡೆಯಡಿ ಮೇಜು, ಮೇಜಿನ ಪಕ್ಕ ತೂಕದ ಮೆಷಿನ್ನು. ‘ಉಚಿತ ದೇಹ ತಪಾಸಣೆ’ ಅಂತ ಬ್ಯಾನರ್. ಟೈ ಕಟ್ಟಿದ ಹುಡುಗನೊಬ್ಬ "ಬನ್ನಿ ಅಂಕಲ್, ಫ್ರೀ" ಅಂದ. ಕೊಡಗಿನಲ್ಲಿ ಮಳೆ ಬಿಟ್ಟರೆ ಫ್ರೀಯಾಗಿ ಸಿಗುವುದು ಬಹಳ ಕಮ್ಮಿ. ಚಪ್ಪಲಿ ಬಿಚ್ಚಿ ಹತ್ತಿದೆ. 84 ಕಿಲೋ. ಆಮೇಲೆ ಎರಡೂ ಕೈಯಲ್ಲಿ ಹಿಡಿಯಲಿಕ್ಕೆ ಇನ್ನೊಂದು ಯಂತ್ರ ಕೊಟ್ಟ. ಅದು ಕುಂಯ್ ಅಂದಿತು. ಹುಡುಗನ ಮುಖ ಸಾವಿನ ಸುದ್ದಿ ತಂದವನ ಮುಖದ ಹಾಗಾಯಿತು.

"ಅಂಕಲ್, ನಿಮ್ಮ ವಯಸ್ಸು 54. ಆದ್ರೆ ನಿಮ್ಮ ದೇಹದ ವಯಸ್ಸು 71."

"ಹಾಗಾದ್ರೆ ಬಸ್ಸಲ್ಲಿ ಹಿರಿಯ ನಾಗರಿಕರ ರಿಯಾಯಿತಿ ಸಿಗ್ತದಾ?"

ಅವನು ನಗಲಿಲ್ಲ. ನಗಬಾರದು ಅಂತ ಟ್ರೈನಿಂಗ್‌ನಲ್ಲೇ ಹೇಳಿರಬೇಕು. ಅದೇ ಹೊತ್ತಿಗೆ 50 ಕಿಲೋ ಅಕ್ಕಿ ಮೂಟೆ ಹೊತ್ತವನೊಬ್ಬ "ಸೈಡು ಸೈಡು" ಅನ್ನುತ್ತಾ ನಮ್ಮ ಮಧ್ಯೆಯೇ ದಾಟಿ ಹೋದ. ಅವನ ದೇಹದ ವಯಸ್ಸು ಎಷ್ಟೋ ಏನೋ. ಅವನನ್ನು ಯಾರೂ ಕರೆಯಲಿಲ್ಲ, ಫ್ರೀಯಾಗಿ ಕೂಡ.

ಬ್ಯಾಗಿನಿಂದ ಬಾಟಲಿ ಹೊರಗೆ ಬಂತು. 60 ಮಾತ್ರೆ, ₹1,499. ಬೆಳಿಗ್ಗೆ ಒಂದು, ರಾತ್ರಿ ಒಂದು, ಕೊಬ್ಬು ತಾನಾಗಿ ಕರಗುತ್ತದಂತೆ. ಊಟ? "ಏನು ಬೇಕಾದ್ರೂ ತಿನ್ನಿ ಅಂಕಲ್." ಈ ಒಂದು ಮಾತಿಗೆ ನಾನು ಬಿದ್ದೆ. ಡಾಕ್ಟರು ಹತ್ತು ವರ್ಷದಿಂದ ಹೇಳುತ್ತಿರುವುದಕ್ಕೆ ಸರಿಯಾಗಿ ಉಲ್ಟಾ ಹೇಳುವ ಒಬ್ಬ ಕೊನೆಗೂ ಸಿಕ್ಕಿದ್ದ. ಒಣಮೀನಿನ ದುಡ್ಡು, ಕೋಳಿಯ ದುಡ್ಡು, ಮಗಳು ಗೂಗಲ್ ಪೇ ಮಾಡಿದ ದುಡ್ಡು ಎಲ್ಲಾ ಸೇರಿಸಿ ಬಾಟಲಿ ತಂದೆ.

ಮನೆಯಲ್ಲಿ ಕನ್ನಡಕ ಹಾಕಿಕೊಂಡು ಲೇಬಲ್ ಓದಿದೆ. ಗಾರ್ಸೀನಿಯಾ ಕ್ಯಾಂಬೋಜಿಯಾ. ಹೆಸರು ಕೇಳಿದರೇ ಅರ್ಧ ಕಿಲೋ ಇಳಿದ ಹಾಗೆ. ಮಗಳು ಮೊಬೈಲ್‌ನಲ್ಲಿ ಅದರ ಫೋಟೋ ತೆಗೆದು ತೋರಿಸಿದಳು. ಹಳದಿ ಹಣ್ಣು, ಪುಟಾಣಿ ಕುಂಬಳಕಾಯಿಯ ಹಾಗೆ ಮೈಮೇಲೆ ಗೆರೆ. ಹೆಂಡತಿ ಒಲೆ ಹತ್ತಿರದಿಂದಲೇ ಕತ್ತು ಚಾಚಿ ನೋಡಿದಳು.

"ರೀ, ಇದು ನಮ್ಮ ಬಾವಿ ಹತ್ರದ ಪಣಪುಳಿ ಅಲ್ವಾ?"

ಅದೇ. ಮಲೆನಾಡಿನವರ ಉಪ್ಪಾಗೆ, ಕೇರಳದವರ ಕುಡಂಪುಳಿ. ಮಳೆಗಾಲದಲ್ಲಿ ನಮ್ಮ ಹಿತ್ತಲಲ್ಲಿ ಕಾಲಿಟ್ಟಲ್ಲಿ ಪಚಕ್ ಅನ್ನುವ ಹಣ್ಣು. ಬಿದ್ದದ್ದನ್ನು ಹೆಕ್ಕಿ ಬುಟ್ಟಿಗೆ ತುಂಬಿ ಕೆಳಗೊಂದು ಪಾತ್ರೆ ಇಟ್ಟರೆ, ಹಣ್ಣು ಕೊಳೆಯುತ್ತಾ ರಸ ತೊಟ್ಟಿಕ್ಕುತ್ತದೆ. ಆ ರಸವನ್ನು ಒಲೆ ಮೇಲಿಟ್ಟು ಕುದಿಸಬೇಕು. ಕುದಿಸಿ ಕುದಿಸಿ ಅದು ಟಾರಿನ ಹಾಗೆ ಕಪ್ಪಗೆ, ಗಟ್ಟಿಯಾಗಬೇಕು. ಆ ದಿನ ಅಡುಗೆಮನೆಗೆ ಹೋದರೆ ಮೂಗು ಕಟ್ಟಿದ್ದವರಿಗೂ ಮೂಗು ಬಿಡುತ್ತದೆ. ಅದೇ ಕಾಚಂಪುಳಿ. ಬಾಟಲಿಗೆ ಹಾಕಿಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ. ಹೋಗುವುದೆಲ್ಲಿಗೆ? ಪಂದಿಕರಿಗೆ.

ಇಲ್ಲಿ ಸ್ವಲ್ಪ ನಿಂತು ಯೋಚಿಸಿ ಮಾರಾಯ್ರೆ. ಈ ಹುಳಿಗೆ ಕೊಬ್ಬು ಕರಗಿಸುವ ಶಕ್ತಿ ನಿಜವಾಗಿ ಇದ್ದಿದ್ದರೆ ಅದಕ್ಕೆ ಮೊದಲ ಸಾಕ್ಷಿ ಕೊಡಗು. ತಲೆತಲಾಂತರದಿಂದ ಹಂದಿಯ ಕೊಬ್ಬಿನ ಜೊತೆಗೇ ಬೇಯಿಸಿ ತಿಂದವರು ನಾವು. ಕರಿಯಲ್ಲೇ ಕರಗದ ಕೊಬ್ಬು ಹೊಟ್ಟೆಗೆ ಹೋದ ಮೇಲೆ ಕರಗುತ್ತದಾ?

ಈ ಹಣ್ಣಿನಲ್ಲಿ ಹೈಡ್ರಾಕ್ಸಿಸಿಟ್ರಿಕ್ ಆಸಿಡ್ ಇದೆ ಅನ್ನುವುದು ಸುಳ್ಳಲ್ಲ. ಸಕ್ಕರೆ ಕೊಬ್ಬಾಗುವ ಕೆಲಸಕ್ಕೆ ಅದು ಅಡ್ಡ ಬರುತ್ತದೆ ಅಂತ ಇಲಿಗಳಲ್ಲಿ ಕಂಡುಕೊಂಡಿದ್ದರು. ಅಮೆರಿಕದಲ್ಲಿ 135 ಜನರಿಗೆ 12 ವಾರ ಪರೀಕ್ಷೆ ಮಾಡಿ, 1998ರಲ್ಲಿ ಅದರ ಫಲಿತಾಂಶ ಪ್ರಕಟಿಸಿದರು. ಕೆಲವರಿಗೆ ಗಾರ್ಸೀನಿಯಾ, ಉಳಿದವರಿಗೆ ಏನೂ ಇಲ್ಲದ ಸುಳ್ಳು ಮಾತ್ರೆ. ಊಟ ಮಾತ್ರ ಎಲ್ಲರಿಗೂ ಒಂದೇ, ನಾರು ಜಾಸ್ತಿ, ಕ್ಯಾಲೊರಿ ಕಮ್ಮಿ. ಗಾರ್ಸೀನಿಯಾದವರು ಸರಾಸರಿ 3.2 ಕಿಲೋ ಇಳಿದರು. ಸುಳ್ಳು ಮಾತ್ರೆಯವರು 4.1 ಕಿಲೋ. ಹೇಳಿಕೊಳ್ಳುವಂಥ ವ್ಯತ್ಯಾಸ ಅಲ್ಲವಂತೆ. ಇಳಿಸಿದ್ದು ತಟ್ಟೆ, ಹೆಸರು ಹೊಡೆದದ್ದು ಬಾಟಲಿ. ಇಂಥ ಮಾತ್ರೆ ನುಂಗಿ ಕೆಲವರ ಲಿವರ್ ಕೆಟ್ಟ ವರದಿಗಳೂ ಇವೆ. ಅದನ್ನು ಬ್ಯಾನರಿನಲ್ಲಿ ಬರೆದಿರಲಿಲ್ಲ. ಜಾಗ ಸಾಲದೆ ಇರಬೇಕು.

ಬಾಟಲಿಗಳದ್ದು ಇರಲಿ, ನಮ್ಮದೇನು ಕಮ್ಮಿಯಾ? ಮಡಿಕೇರಿಯಲ್ಲಿ ನಮ್ಮ ಷಡ್ಡಕರೊಬ್ಬರು ದಿನಾ ಬೆಳಿಗ್ಗೆ ರಾಜಾಸೀಟಿಗೆ ವಾಕಿಂಗ್ ಹೋಗುತ್ತಾರೆ. ಮನೆಯಿಂದ ಅಲ್ಲಿಗೆ ಒಂದು ಕಿಲೋಮೀಟರು, ಕಾರಿನಲ್ಲಿ. ಊರ ಹೊರಗಿನ ಒಂದು ರೆಸಾರ್ಟಿನಲ್ಲಿ ಬೆಂಗಳೂರಿನವರಿಗೆ ಮೂರು ದಿನದ ‘ಡಿಟಾಕ್ಸ್’ ಮಾಡಿಸುತ್ತಾರೆ. ಕೊಡುವುದು ಗಂಜಿ. ನಮ್ಮ ಅಜ್ಜಿ ಜ್ವರ ಬಂದಾಗ ಕೊಡುತ್ತಿದ್ದದ್ದೂ ಅದೇ, ಬಿಲ್ಲು ಮಾತ್ರ ಇರಲಿಲ್ಲ.

ನನ್ನ ಲೆಕ್ಕವನ್ನೂ ಹೇಳಿಬಿಡುತ್ತೇನೆ. ದೇಶದಲ್ಲಿ ಎಲ್ಲಕ್ಕಿಂತ ಜಾಸ್ತಿ ಕಾಫಿ ಬೆಳೆಯುವ ಜಿಲ್ಲೆಯವನು ನಾನು. ದಿನಕ್ಕೆ ಐದು ಲೋಟ ಕುಡಿಯದಿದ್ದರೆ ಊರಿಗೇ ಅವಮಾನ. ಬರೀ ಕಾಫಿ ಡಿಕಾಕ್ಷನ್ನಿನಲ್ಲಿ ಕ್ಯಾಲೊರಿ ಇಲ್ಲ ಅಂತಲೇ ಹೇಳಬಹುದು. ಆದರೆ ಲೋಟಕ್ಕೆ ಎರಡು ಚಮಚ ಬೆಲ್ಲ. ಐದು ಲೋಟಕ್ಕೆ ಹತ್ತು ಚಮಚ, ಹತ್ತಿರ ಹತ್ತಿರ 50 ಗ್ರಾಂ. ಸಕ್ಕರೆ ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೆಯದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. "ನಮ್ದು ಸಕ್ಕರೆ ಅಲ್ಲ, ಬೆಲ್ಲ" ಅಂತ ನಾನು ವಾದ ಮಾಡಿದ್ದೆ. ಹೊಟ್ಟೆಗೆ ಈ ವಾದ ತಿಳಿಯುವುದಿಲ್ಲ. ಎರಡಕ್ಕೂ ಗ್ರಾಮಿಗೆ ಸುಮಾರು 4 ಕ್ಯಾಲೊರಿ.

ಆಮೇಲೆ ಮದುವೆಗಳು. ಕಡಂಬುಟ್ಟು ಅಂದರೆ ಅಕ್ಕಿತರಿಯ ಉಂಡೆ, ಹಬೆಯಲ್ಲಿ ಬೆಂದದ್ದು, ಎಣ್ಣೆ ಇಲ್ಲ, ಒಪ್ಪಿದೆ. ಆದರೆ ಆರು ತಿಂದವನು ಎಣ್ಣೆಯ ಮಾತು ಎತ್ತಬಾರದು. ಇನ್ನು ಲೋಟದಲ್ಲಿ ಬರುವ ಇನ್ನೊಂದು ಎಣ್ಣೆಯ ವಿಷಯ. 60 ಎಂಎಲ್ ವಿಸ್ಕಿಯಲ್ಲಿ ಸುಮಾರು 140 ಕ್ಯಾಲೊರಿ, ಸೋಡಾ ಹಾಕಿದರೂ ಅಷ್ಟೇ, ಹಾಕದಿದ್ದರೂ ಅಷ್ಟೇ. ಎಷ್ಟು 60 ಅಂತ ಕೇಳಬೇಡಿ. ಲೆಕ್ಕ ಇಟ್ಟವರನ್ನು ನಮ್ಮ ಕಡೆ ಮದುವೆಗೆ ಕರೆಯುವುದಿಲ್ಲ.

ಮಾತ್ರೆಯನ್ನು ನಾಲ್ಕು ದಿನ ನುಂಗಿದೆ. ಐದನೇ ದಿನ ಹೆಂಡತಿ ಬಾಟಲಿ ಎತ್ತಿಟ್ಟು, ಕಾಫಿಗೆ ಅರ್ಧ ಚಮಚ ಬೆಲ್ಲ ಹಾಕಿ ತಂದಳು. ಹದಿನೈದು ದಿನ ಅದು ಕಷಾಯ. ಆಮೇಲೆ ಕಾಫಿಯ ರುಚಿ ಗೊತ್ತಾಯಿತು. 54 ವರ್ಷ ಬೆಲ್ಲ ಕುಡಿದುಕೊಂಡೇ ಕಾಫಿ ಕುಡಿದೆ ಅಂದುಕೊಂಡಿದ್ದೆನಲ್ಲ! ಅಕ್ಕಿರೊಟ್ಟಿ ನಾಲ್ಕಿದ್ದದ್ದು ಎರಡಾಯಿತು, ಆ ಜಾಗಕ್ಕೆ ಸೊಪ್ಪು, ಕಾಳು, ಮಳೆಗಾಲದಲ್ಲಿ ಬೈಂಬಳೆ (ಎಳೆ ಬಿದಿರು, ಕಳಲೆ) ಬಂತು. ರಾತ್ರಿ ಊಟ ಎಂಟಕ್ಕೆ. ಪಂದಿಕರಿ ಬಿಟ್ಟಿಲ್ಲ. ಬಿಡು ಅಂತ ಯಾರೂ ಹೇಳಲೂ ಇಲ್ಲ, ಎರಡನೇ ಸಲ ಬಡಿಸುವುದನ್ನು ಮಾತ್ರ ನಿಲ್ಲಿಸಿದ್ದಾಳೆ. ತೋಟಕ್ಕೆ ಜೀಪ್ ಬಿಟ್ಟು ನಡೆದು ಹೋಗುತ್ತೇನೆ. ಐದು ತಿಂಗಳಲ್ಲಿ ನಾಲ್ಕು ಕಿಲೋ ಇಳಿದಿದೆ. ದೇಹದ ವಯಸ್ಸು ಕೇಳಲಿಕ್ಕೆ ಹೋಗಿಲ್ಲ.

ಬಾಟಲಿ ಮಾತ್ರ ಗಟ್ಟಿ ಗಾಜಿನದ್ದು, ಮುಚ್ಚಳ ಬಿಗಿ. ಹೆಂಡತಿ ಮಾತ್ರೆ ಎಸೆದು, ತೊಳೆದು, ಈ ವರ್ಷದ ಕಾಚಂಪುಳಿ ಅದರಲ್ಲೇ ತುಂಬಿಟ್ಟಿದ್ದಾಳೆ. ಲೇಬಲ್ ಕಿತ್ತಿಲ್ಲ. ಮೊನ್ನೆ ಮಡಿಕೇರಿಯ ಷಡ್ಡಕರು ಬಂದಿದ್ದರು, ಕಾರಿನಲ್ಲೇ. ಅಡುಗೆಮನೆಯ ಕಪಾಟಿನಲ್ಲಿ ಬಾಟಲಿ ನೋಡಿ ಕಣ್ಣರಳಿಸಿದರು.

"ಓ, ಇದು ತೂಕ ಇಳಿಸೋ ಮದ್ದಲ್ವಾ? ನೀವೂ ತಗೊಳ್ತೀರಾ?"

"ಹೌದು ಭಾವ," ಅಂದಳು ಹೆಂಡತಿ. "ಭಾನುವಾರ ಭಾನುವಾರ. ಹಂದಿ ಬೆಂದ ಮೇಲೆ ಎರಡು ಚಮಚ."